ಬೀರವ್ವನ ಪಾಲಿನ ಅಳು

ದುಂಡವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಅಜ್ಜಿಗೆ ಚಹಾ ಕೊಟ್ಟು ಬಾ ಎಂದು ಕಳಿಸಿದ್ದ ಮಗಳು ಮಾಳವ್ವ, ತುಂಬಿದ ಬಟ್ಟಲನ್ನು ಹಾಗೇ ಹಿಡಿದುಕೊಂಡು ತಿರುಗಿ ಬಂದಳು.

“ಅವ್ವಾ, ಆಯಿ ಏಳವಲ್ಲಳು. ಕೈ ಹಿಡದು ಜಗ್ಗಿದೆ. ತಣ್ಣಗ ಐತಿ.”

ದುಂಡವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿದಳು. ಅತ್ತೆ ಬೀರವ್ವ ಕಂಬಳಿಯೊಳಗೆ ಮಗ್ಗುಲಾಗಿ, ಕೆನ್ನೆಯ ಕೆಳಗೆ ಒಂದು ಕೈ ಇಟ್ಟುಕೊಂಡು ಮಲಗಿದ್ದಳು. ಮುಟ್ಟಿ ನೋಡಿದ ಮೇಲೆ ಇನ್ನೇನೂ ಕೇಳುವ ಹಾಗಿರಲಿಲ್ಲ. ಒಳಗೆ ರೊಟ್ಟಿ ಸೀಯುವ ವಾಸನೆ ಬಂತು. ದುಂಡವ್ವ ಹೋಗಿ ಒಲೆಗೆ ನೀರು ಸುರಿದಳು.

ಸಾವಾದ ಮನೆಯಲ್ಲಿ ಹೆಂಗಸರು ದನಿ ತೆಗೆಯಬೇಕು. ಓಣಿಗೆ ಸುದ್ದಿ ಮುಟ್ಟುವುದು ಆ ದನಿಯಿಂದಲೇ. ದುಂಡವ್ವನ ದನಿ ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಎದುರಿಗೆ ಬಟ್ಟಲು ಹಿಡಿದು ನಿಂತ ಮಗಳು ಕಂಡಳು. ದುಂಡವ್ವ ಬಾಯಿ ಮುಚ್ಚಿಕೊಂಡಳು.

ಬೀರವ್ವನಿಗಾಗಿ ಯಾರೂ ಅಳುವಂತಿರಲಿಲ್ಲ. ಅವಳ ಪಾಲಿನ ಅಳು ಆಗಲೇ ಅತ್ತಾಗಿತ್ತು.

*

ಕುರಿ ಕಾಯಲು ಹೊರಟಿದ್ದ ದುಂಡವ್ವನ ಗಂಡ ಬಸಗೊಂಡ ಮನೆಮನೆಗೆ ಹೋಗಿ ಸುದ್ದಿ ಹೇಳಿಬಂದ. ಓಣಿಯ ಮೂಲೆಯಿಂದಲೇ ಅತ್ತುಕೊಂಡು ಬರಬೇಕಾದ ಹೆಂಗಸರು ಸೆರಗು ಹೊದ್ದು, ಹಾಲು ಕೊಡಲು ಬಂದವರಂತೆ ಸುಮ್ಮನೆ ಬಂದರು. ಬೀರವ್ವನನ್ನು ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ಭಂಡಾರದ ಅರಿಸಿನ ಹಚ್ಚಿದ್ದರು. ಅವಳ ಮೈದುನ ಲಗಮಣ್ಣ, ಮನೆತನಕ್ಕೆಲ್ಲ ಹಿರಿಯ, ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕುಳಿತಿದ್ದ.

“ಯಾರೂ ದನಿ ತಗೀಬ್ಯಾಡ್ರಿ. ಒಬ್ಬರಿಗೆ ಒಂದ ಅಳು. ಎರಡನೇದು ಸುಮ್ನ ಹೋಗಂಗಿಲ್ಲ, ಮನ್ಯಾಗಿನ ಸಣ್ಣಾರನ್ನ ಹುಡುಕ್ತೈತಿ.”

ಎಲ್ಲರ ಕಣ್ಣೂ ಮಾಳವ್ವನ ಕಡೆ ಹೋಯಿತು. ಆ ಮನೆಯಲ್ಲಿ ಸಣ್ಣವರೆಂದರೆ ಅವಳೊಬ್ಬಳೇ.

ಪಕ್ಕದ ಮನೆಯ ಗೌರವ್ವ ಹೆಣದ ಮುಖ ನೋಡುತ್ತ ನೋಡುತ್ತ ನಕ್ಕಳು. “ನಮ್ಮ ಅತ್ತಿ ಸತ್ತಾಗ ಬೀರವ್ವ ಏನಂತ ಅತ್ತಳು ಗೊತ್ತೈತಿಲ್ಲೊ? ‘ನಿನ್ನ ಮಜ್ಜಿಗ್ಯಾಗ ನನ್ನ ಮುಖ ಕಾಣತಿತ್ತಲ್ಲೇ ನನ್ನ ಗೆಣತೀ, ಇನ್ನ ಎಲ್ಲಿ ಮುಖ ನೋಡ್ಕೊಳ್ಳಲೇ’ ಅಂತ. ಅಷ್ಟು ನೀರು ಹಾಕತಿದ್ಲು ನಮ್ಮತ್ತಿ. ಅಳೂದು ಬಿಟ್ಟು ಮಂದಿ ನಗಾಕ ಹತ್ತಿದ್ರು. ನಕ್ಕವರು ಆಮ್ಯಾಲ ಬಿದ್ದು ಬಿದ್ದು ಅತ್ರು.”

“ನಮ್ಮಪ್ಪಗೂ ಅತ್ತಿದ್ಲು,” ಎಂದಳು ಇನ್ನೊಬ್ಬಳು. “ಕುಡದು ಬಂದದ್ದೂ ಬಿಡಲಿಲ್ಲ, ಹೆಗಲ ಮ್ಯಾಲ ಕುಂದ್ರಿಸಿಕೊಂಡದ್ದೂ ಬಿಡಲಿಲ್ಲ. ಅಂವಾ ಎದ್ದು ಬಂದು ಮುಂದ ನಿಂತಂಗಾತು.”

“ಊರಿಗೆಲ್ಲಾ ಅತ್ತಾಕಿ ಇಕಿ. ಇಕಿ ಪಾಲಿಗೇ ಒಂದು ದನಿ ಇಲ್ಲ ನೋಡ.”

“ಸಾಕು,” ಎಂದ ಲಗಮಣ್ಣ.

ಮಾಳವ್ವ ತಾಯಿಯ ಸೆರಗು ಜಗ್ಗಿದಳು. “ಅವ್ವಾ, ಒಂದ ಮಾತು ಕೇಳ್ಲಿ?”

“ಆಮ್ಯಾಲ ಕೇಳವಂತಿ.”

ಮಾಳವ್ವನಿಗಿಂತ ಮೊದಲು ದುಂಡವ್ವನಿಗೆ ಒಂದು ಗಂಡುಕೂಸು ಹುಟ್ಟಿ, ಹೆಸರಿಡುವ ಮೊದಲೇ ಸತ್ತಿತ್ತು. ಹೆಸರಿಲ್ಲದ ಕೂಸಿಗೆ ಅಳುವ ಪದ್ಧತಿ ಇಲ್ಲ, ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ ಎಂದಿದ್ದರು ಹಿರಿಯರು. ಬೀರವ್ವ ಬಾಗಿಲಿಗೆ ಅಡ್ಡ ಕುಳಿತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಕಿವಿಯಲ್ಲಿ ಸಿದ್ದೂ ಎಂದು ಹೆಸರು ಕರೆದಳು. ಹೆಸರಿಟ್ಟಾಯಿತು, ಇನ್ನು ಅಳಬಹುದು ಎಂದು ದನಿ ತೆಗೆದಳು. ಆ ಹೊತ್ತು ದುಂಡವ್ವನಿಗೆ ತಾನೂ ಒಬ್ಬ ತಾಯಿ ಅನ್ನಿಸಿತ್ತು. ಬೀರವ್ವ ಅಳದಿದ್ದರೆ ತಾನು ಬಸಿರಾದದ್ದೇ ಸುಳ್ಳಾಗುತ್ತಿತ್ತು ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

*

ಕೂಸು ಹೋದ ಮರುವರ್ಷ ಅಣ್ಣಾರಾಯರೆಂಬವರು ಊರಿಗೆ ಬಂದಿದ್ದರು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಉಮದಿಯ ಕಡೆಯವರೇ ಆದ ಅವರು ಸೊಲ್ಲಾಪುರದ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಈ ಸೀಮೆಯ ಸಾವಿನ ಪದ್ಧತಿಗಳ ಮೇಲೆ ಒಂದು ಪುಸ್ತಕ ಬರೆಯುವವರಿದ್ದರು.

“ಬೀರವ್ವಾ, ಒಂದು ಅಳು ಹೇಳ್ರಿ. ಬರಕೋತೀನಿ.”

“ಅಳು ಹೇಳೂದಲ್ರಿ, ಅಳೂದು. ಹೆಣ ಇಲ್ಲದ ಹ್ಯಾಂಗ ಅಳ್ಲಿ?”

“ಸುಮ್ನ ಯಾರದಾದ್ರೂ ಹೆಸರು ಹಿಡೀರಿ.”

“ಬದುಕಿದ್ದವರ ಹೆಸರು ಹಿಡದ್ರ ಅವರನ್ನ ಕಳಿಸಿದಂಗ. ಸತ್ತವರದು ಹಿಡದ್ರ ಎರಡನೇ ಅಳು. ಯಾರದು ಹಿಡೀಲಿ ಹೇಳ್ರಿ?”

ಅಣ್ಣಾರಾಯರು ಬಿಡಲಿಲ್ಲ. ಬಿಸಿಲಲ್ಲಿ ನಡೆದು ಮತ್ತೆ ಮತ್ತೆ ಬಂದರು. “ನೀವು ಹೋದ್ರ ಇದೂ ನಿಮ್ಮ ಕೂಡ ಹೋಗ್ತದ,” ಎಂದರು. ಕೊನೆಗೆ ಒಂದು ದಿನ ಬೀರವ್ವ ಅವರನ್ನು ಊರ ಹೊರಗೆ, ಹೊಲದ ಬದುವಿನಾಚೆ ಕರೆದುಕೊಂಡು ಹೋದಳು. ಊರಿಗೆ ಬೆನ್ನು ಮಾಡಿ ಕುಳಿತಳು. ಮಜ್ಜಿಗೆ ತಂದ ದುಂಡವ್ವ ದೂರದಿಂದಲೇ ದನಿ ಕೇಳಿ ಯಾರು ಹೋದರೋ ಎಂದು ಓಡಿ ಬಂದಳು. ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಅಳುವಿನಲ್ಲಿ ಬೀರವ್ವ, ಬೀರವ್ವ ಎಂದು ತನ್ನ ಹೆಸರನ್ನೇ ಕರೆಯುತ್ತಿದ್ದಳು. ಅಣ್ಣಾರಾಯರು ತಲೆ ಎತ್ತದೆ ಬರೆಯುತ್ತಿದ್ದರು.

ಅವರು ಹೋದ ಮೇಲೆ ದುಂಡವ್ವ ಕೇಳಿದಳು. “ಏನ ಮಾಡಿದ್ರಿ ಅತ್ತೀ?”

“ಪಾಪ, ಭಾಳ ನಡದಾನ. ಬ್ಯಾರೆ ಯಾರ ಹೆಸರು ಹಿಡೀಲಿ?” ಬೀರವ್ವ ಮುಖ ಒರೆಸಿಕೊಂಡು ಮಜ್ಜಿಗೆ ಕುಡಿದಳು. “ಇಲ್ಲಿ ಯಾರಿದ್ರು? ನೀ, ನಾ. ನೀ ಯಾರಿಗೂ ಹೇಳಬ್ಯಾಡ. ನಾ ಸತ್ತಾಗ ಸುಮ್ನ ದನಿ ತಗದು ಅಳು. ಅಳ್ತಿ ಇಲ್ಲೊ?”

“ಅಳ್ತೀನಿ,” ಎಂದಿದ್ದಳು ದುಂಡವ್ವ.

*

ಮಾಳವ್ವ ಓಡಾಡುವ ಹೊತ್ತಿಗೆ ಅಣ್ಣಾರಾಯರು ಹೊಸ ಪುಸ್ತಕ ಹಿಡಿದುಕೊಂಡು ಮತ್ತೆ ಬಂದರು. ಇದು ನಿಮ್ಮೂರ ಪುಸ್ತಕ, ಮೊದಲು ನಿಮ್ಮ ಮುಂದೆಯೇ ಇದರ ಮಾತಾಗಬೇಕು ಎಂದು ಚಾವಡಿಯಲ್ಲಿ ಮಂದಿ ಕೂಡಿಸಿದರು. ಎಲ್ಲರೂ ಪುಸ್ತಕ ಮುಟ್ಟಿ ಮುಟ್ಟಿ ನೋಡಿದರು.

“ಇದರಾಗ ನಮ್ಮ ಕುರಿ ಅದಾವೇನ್ರಿ?” ಎಂದು ಒಬ್ಬ ಕೇಳಿದ.

“ಅದಾವ. ನಿಮ್ಮ ನಾಯಿನೂ ಅದ,” ಎಂದರು ಅಣ್ಣಾರಾಯರು. ಚಾವಡಿ ನಕ್ಕಿತು.

ಯಾವ ಊರಲ್ಲಿ ಹೇಗೆ ಹೂಳುತ್ತಾರೆ, ಯಾಕೆ ಹಾಗೆ, ಯಾರು ಏನು ಹೇಳಿದರು ಎಂದೆಲ್ಲ ಬಿಡಿಸಿ ಬಿಡಿಸಿ ಹೇಳಿದರು. ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಟ್ಟರು. ಕೊನೆಗೆ, “ಈ ಪುಸ್ತಕದ ಜೀವ ಅಂದ್ರ ಇದು,” ಎಂದು ಅಳುವಿನ ಪುಟ ತೆಗೆದು ಓದಿದರು. ಗುಡಿಯಲ್ಲಿ ಓದಿದ ಹಾಗೆ ಚಂದ ಓದಿದರು. ಅರ್ಧಕ್ಕೇ ಮಂದಿಯ ಮುಖ ಕಳೆಗುಂದಿತು.

“ಯಾರ ಹೆಸರು ಐತ್ರಿ ಅದರಾಗ?” ಲಗಮಣ್ಣ ಎದ್ದು ನಿಂತಿದ್ದ.

“ಬೀರವ್ವಂದೇ!” ಅವರ ಮುಖದಲ್ಲಿ ಸಂತೋಷವೇ ಇತ್ತು. ಅವರು ಮಾನ ಕೊಡಲು ಬಂದಿದ್ದರು.

ಹೆಂಗಸರು ಕುಳಿತಲ್ಲೇ ಸ್ವಲ್ಪ ಹಿಂದೆ ಸರಿದರು. ಬೀರವ್ವನ ಸುತ್ತ ನೆಲ ಖಾಲಿಯಾಯಿತು. ಅವಳು ಒಂದೇ ಮಾತು ಕೇಳಿದಳು.

“ಇದನ್ನ ಓದಿದವರು ಅಳ್ತಾರೇನ್ರಿ?”

ಅಣ್ಣಾರಾಯರು ಪುಸ್ತಕ ಮುಚ್ಚಿದರು. “ಇಲ್ಲ ಬೀರವ್ವಾ. ಇದು ಅಳಾಕ ಬರದದ್ದಲ್ಲ, ತಿಳಕೊಳ್ಳಾಕ ಬರದದ್ದು.”

ಅಂದಿನಿಂದ ಯಾರೂ ಅವಳನ್ನು ಸಾವಿನ ಮನೆಗೆ ಕರೆಯಲಿಲ್ಲ. ತನ್ನ ಪಾಲಿನ ಅಳು ಮುಗಿದವಳು ಸತ್ತವಳ ಲೆಕ್ಕ. ಸತ್ತವಳು ಇನ್ನೊಬ್ಬರಿಗೆ ಹೇಗೆ ಅಳಬೇಕು? ದೂರದ ಓಣಿಯಲ್ಲಿ ದನಿ ಎದ್ದಾಗ ಬೀರವ್ವ ಕಂಬಳಿ ಸರಿಸಿ ಎದ್ದು ಕೂಡುತ್ತಿದ್ದಳು. ಸ್ವಲ್ಪ ಹೊತ್ತು ಕಿವಿಗೊಟ್ಟು, “ಆ ಹುಡಿಗಿಗೆ ಮಾತ ಕೂಡಸಾಕ ಬರವಲ್ದು,” ಎಂದು ಮತ್ತೆ ಮಲಗುತ್ತಿದ್ದಳು.

*

ಇಳಿಹೊತ್ತಿಗೆ ಸಂಖದ ಗಂಡನ ಮನೆಯಿಂದ ಬೀರವ್ವನ ಮಗಳು ಲಕ್ಕವ್ವ ಬಂದಳು. ಹೆಣ ಎತ್ತುವುದಕ್ಕೆ ಅವಳೊಬ್ಬಳ ಹಾದಿ ಕಾಯುತ್ತಿದ್ದರು. ಹೊಸ್ತಿಲಲ್ಲಿ ತಾಯಿಯ ಮುಖ ಕಂಡದ್ದೇ ಅವಳು ಎರಡೂ ಕೈ ಮೇಲೆತ್ತಿದಳು. “ಯವ್ವಾ...”

ಲಗಮಣ್ಣ ಏಳುವ ಮೊದಲೇ ದುಂಡವ್ವ ಹಾರಿ ಹೋಗಿ ನಾದಿನಿಯ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. ಲಕ್ಕವ್ವ ಕೊಸರಿಕೊಂಡಳು. ಒಳಗಿನ ಕೂಗು ಬಿಸಿಯಾಗಿ ಅಂಗೈಗೆ ಬಡಿಯುತ್ತಿತ್ತು. ಇಬ್ಬರೂ ನೆಲಕ್ಕೆ ಬಿದ್ದರು. ದುಂಡವ್ವ ಕೈ ತೆಗೆಯಲಿಲ್ಲ.

“ನನ್ನ ಮಗಳು ಅದಾಳ ಯಕ್ಕಾ, ಒಬ್ಬಾಕೀನ ಅದಾಳ, ನಿನ್ನ ಕಾಲ ಬೀಳ್ತೀನಿ...”

ಕೂಗು ಆರಿದ ಮೇಲೆ ಕೈ ಸರಿಸಿದಳು. ಲಕ್ಕವ್ವ ಮೆಲ್ಲಗೆ ಹೇಳಿದಳು: “ನಿನಗ ನಿನ್ನ ಮಗಳು. ಆಕಿಗೆ ನಾ ಮಗಳಲ್ಲೇನ?”

ದುಂಡವ್ವನಿಗೆ ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಹೆಣ ಎತ್ತಿದರು. ಓಣಿ ಎಷ್ಟು ಸುಮ್ಮನಿತ್ತೆಂದರೆ ಹೊತ್ತವರ ಕೆರವಿನ ಸಪ್ಪಳ ಕೇಳುತ್ತಿತ್ತು. ಹೊಲದಲ್ಲಿ ಗಂಡಸರು ಮಣ್ಣು ಎಳೆದರು. ಎಲ್ಲರೂ ಒಂದೊಂದು ಹಿಡಿ ಹಾಕಿ, ಕೈ ಜಾಡಿಸಿಕೊಂಡು ಬಂದರು. ಲಕ್ಕವ್ವ ಮನೆಯೊಳಗೆ ಬರಲಿಲ್ಲ. ಹೊಲದಿಂದ ಹಾಗೇ ಸಂಖದ ಹಾದಿ ಹಿಡಿದಳು. ಊರ ಹೊರಗೆ ಹೋಗಿ ಅಳುತ್ತಾಳೋ ಏನೋ ಎಂದು ದುಂಡವ್ವ ಬಹಳ ಹೊತ್ತು ಕಿವಿಗೊಟ್ಟಳು. ಏನೂ ಕೇಳಲಿಲ್ಲ.

ಸಂಜೆ ಪಡಸಾಲೆ ಸಾರಿಸಿದಳು. ಬೀರವ್ವ ಕುಳಿತ ಜಾಗದಲ್ಲಿ ದೀಪ ಇಟ್ಟಳು. ಗೌರವ್ವ ತಂದಿಟ್ಟ ರೊಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. ಬಸಗೊಂಡ ಕುರಿದೊಡ್ಡಿಯ ಕಡೆ ಹೋದವನು ಇನ್ನೂ ಬಂದಿರಲಿಲ್ಲ.

“ಮಾಳೀ, ಎಲ್ಲಿ ಅದಿ?”

ಮಗಳು ಕಂಬದ ಹಿಂದಿನಿಂದ ಬಂದಳು. ಉಟ್ಟ ಪರಕಾರದ ಅಂಚನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಕೆನ್ನೆಗಳು ಉಬ್ಬಿದ್ದವು, ಗದ್ದ ನಡುಗುತ್ತಿತ್ತು. ಯಾವಾಗಿನಿಂದ ಹಾಗಿದ್ದಳೋ, ಬಟ್ಟೆ ಎದೆಯವರೆಗೆ ಒದ್ದೆಯಾಗಿತ್ತು. ದುಂಡವ್ವ ಮೊಣಕಾಲೂರಿ ಕುಳಿತು ಅದನ್ನು ಎಳೆಯಹೋದಳು. ಮಾಳವ್ವ ಹಲ್ಲು ಬಿಗಿದಳು. ಬಾಗಿಲ ಕಡೆ, ಓಣಿಯ ಕಡೆ ತಿರುಗಿ ನೋಡಿದಳು. ಆಮೇಲೆ ತಾನೇ ಬಟ್ಟೆ ಹೊರಗೆ ತೆಗೆದು ಕೇಳಿದಳು:

“ಅವ್ವಾ, ಎಲ್ಲಾರೂ ಹೋದ್ರು. ನಾ ಈಗರ ಅಳ್ಲೇನ?”