ಲಿಫ್ಟ್ ಇವತ್ತೂ ಕೆಟ್ಟಿದೆ

ಮೊದಲ ವೆಬ್ ಪುಟಕ್ಕೆ ಮೇಡಂ ಕೇಳಿದ್ದು ನಾಲ್ಕೇ ನಾಲ್ಕು: ಒಂದು ತಲೆಬರಹ, ಒಂದು ಪ್ಯಾರಾ, ಒಂದು ಚಿತ್ರ, ಒಂದು ಲಿಂಕು. "ನಿಮಗೆ ಚೆನ್ನಾಗಿ ಗೊತ್ತಿರೋ ವಿಷಯ ತಗೊಳ್ಳಿ," ಎಂದಿದ್ದರು. ಸಂಜೆ ತರಗತಿಯ ಹದಿನಾಲ್ಕು ಮಂದಿಯಲ್ಲಿ ಐವರು ಬೆಕ್ಕು ಹಿಡಿದರು, ಮೂವರು ಮೊಮ್ಮಕ್ಕಳನ್ನು. ಕನ್ನಡಕದಕ್ಕ ಎರಡು ದಿನ ತಲೆ ಕೆರೆದುಕೊಂಡಳು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಕಟ್ಟಡದವರೆಲ್ಲ ಅದಕ್ಕೇ ಆ ಹೆಸರಿಟ್ಟಿದ್ದರು. ಗಾಜಿನ ಬಗ್ಗೆ ಬರೆಯಬಹುದಿತ್ತು. ಆದರೆ ಎಲ್ಲಾದರೂ ತಪ್ಪಿದರೆ ಅಂಗಡಿಯ ಯಜಮಾನರು ಏನೆಂದಾರೋ ಎಂಬ ಅಳುಕು. ತಪ್ಪಿಲ್ಲದೆ ಬರೆಯಬಲ್ಲೆ ಎನಿಸಿದ ಸಂಗತಿ ಒಂದೇ ಒಂದು. ಅದನ್ನೇ ಬರೆದಳು.

"ನಮ್ಮ ಕಟ್ಟಡದ ಲಿಫ್ಟ್ ಇವತ್ತೂ ಕೆಟ್ಟಿದೆ. ಇಂದಿಗೆ ಇಪ್ಪತ್ತೆಂಟು ದಿನ. ಐದನೆಯ ಮಹಡಿಯಲ್ಲಿರುವ ನನ್ನ ಅಪ್ಪ ಅಂದಿನಿಂದ ಕೆಳಗಿಳಿದಿಲ್ಲ."

ಚಿತ್ರಕ್ಕೆ ಲಿಫ್ಟಿನ ಬಾಗಿಲು, ಅದಕ್ಕಂಟಿಸಿದ 'ರಿಪೇರಿಯಲ್ಲಿದೆ' ಎಂಬ ಚೀಟಿ ಸಮೇತ. ಲಿಂಕಿಗೆ ಏನೂ ಹೊಳೆಯಲಿಲ್ಲ. ಪುಟದ ಬುಡದಲ್ಲಿ 'ಮೇಲಕ್ಕೆ' ಎಂದು ಬರೆದು, ಒತ್ತಿದರೆ ಪುಟದ ತಲೆಗೆ ಹೋಗುವಂತೆ ಮಾಡಿದಳು.

ಅಪ್ಪನಿಗೆ ತೋರಿಸಿದಳು. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಜೀವ ಅದು. ಎಡಗಾಲು ಸೋತ ಮೇಲೂ ದಿನಾ ಸಂಜೆ ಲಿಫ್ಟಿನಲ್ಲಿ ಇಳಿದು, ಎದುರಿನ ಬಸ್‌ಸ್ಟಾಪಿನ ಬೆಂಚಿನ ಮೇಲೆ ಹಳೆಯ ಡ್ರೈವರುಗಳ ಜೊತೆ ಕೂತು, ಬರುವ ಬಸ್ಸುಗಳಿಗೆಲ್ಲ ಒಂದೊಂದು ಕೊಂಕು ತೆಗೆದು ಬರುತ್ತಿದ್ದರು. ಈಗ ಬಾಲ್ಕನಿಯೇ ಗತಿ. ಕೆಳಗಿನ ಬೆಂಚಿನಿಂದ ಗೆಳೆಯರು ಕೈ ಬೀಸಿದರೆ ಇವರು ಮುಖ ತಿರುಗಿಸಿಕೊಳ್ಳುತ್ತಿದ್ದರು.

"ಊರನ್ನೆಲ್ಲ ಹತ್ತಿಸಿ ಇಳಿಸಿದೋನು ನಾನು. ನನ್ನೊಬ್ಬನ್ನ ಇಳಿಸೋಕೆ ಗತಿಯಿಲ್ಲ ನೋಡು," ಎನ್ನುತ್ತ ಪರದೆಗೆ ಕಣ್ಣು ಹಚ್ಚಿದರು. ಕೊನೆಯ ಲಿಂಕು ಒತ್ತಿ, ಪುಟ ಸರ್ರನೆ ಮೇಲೆ ಹೋದದ್ದು ಕಂಡು ನಕ್ಕರು. "ಪರವಾಗಿಲ್ಲ ಕಣೇ. ಈ ಕಟ್ಟಡದಲ್ಲಿ ಮೇಲೆ ಹೋಗೋ ಗುಂಡಿ ಇದೊಂದಾದ್ರೂ ಕೆಲಸ ಮಾಡುತ್ತೆ. ಆದ್ರೆ ಅಕ್ಷರ ಯಾಕಮ್ಮ ಇಷ್ಟು ದಪ್ಪ?"

ಆಗಲೇ ಅವಳಿಗೆ ಗೊತ್ತಾಗಿದ್ದು. ತಲೆಬರಹ ಇಲ್ಲಿಗೆ ಮುಗಿಯಿತು ಎಂದು ಹೇಳುವ ಗುರುತನ್ನೇ ಹಾಕಿರಲಿಲ್ಲ. ಇಡೀ ಪುಟ ತಲೆಬರಹವಾಗಿ ಬೊಬ್ಬೆ ಹೊಡೆಯುತ್ತಿತ್ತು. "ಅಯ್ಯೋ, ಸರಿ ಮಾಡ್ತೀನಿ ಅಪ್ಪ."

"ಮುಟ್ಟಬೇಡ. ಕನ್ನಡಕ ಇಲ್ಲದೇನೇ ಓದ್ಬಹುದು."

ದಿನವೂ ಅಂಗಡಿಯಿಂದ ಬಂದು, ಐದು ಮಹಡಿ ಹತ್ತಿ, ಏದುಸಿರು ಇಳಿಯುವ ಮೊದಲೇ ಅಂಕಿ ಬದಲಿಸುತ್ತಿದ್ದಳು. ಇಪ್ಪತ್ತೊಂಬತ್ತು. ಮೂವತ್ತು. ಮೂರನೆಯ ಮಹಡಿಯ ಹೊಲಿಗೆಯತ್ತೆಗೆ ಯಾವುದೋ ಮಾತಿಗೆ ವಿಳಾಸ ಹೇಳಿದ್ದೇ ತಪ್ಪಾಯಿತು. ಆಕೆಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆಯೊಳಗೆ ಕಟ್ಟಡದ ಗ್ರೂಪಿನಲ್ಲಿ ಪುಟ ಹರಿದಾಡಿತು. ಎರಡನೆಯ ಮಹಡಿಯ ಸೆಕ್ರೆಟರಿ, ಕಟ್ಟಡದ ಉಸ್ತುವಾರಿ ಹೊತ್ತವರು, ಅವಳನ್ನು ಬಿಟ್ಟು ನೇರ ತರಗತಿಗೇ ಫೋನು ಹಚ್ಚಿದರು.

ಮೇಡಂ ಅವಳನ್ನು ಪಕ್ಕಕ್ಕೆ ಕರೆದರು. ವಯಸ್ಸಿನಲ್ಲಿ ಅವಳ ತಂಗಿಯಂತಿದ್ದರೂ ಮೇಡಂ ಮೇಡಮ್ಮೇ.

"ಪುಟ ತೆಗೆಸಿ ಅಂತಿದಾರೆ. ಅದರಲ್ಲಿ ಸುಳ್ಳೇನಾದ್ರೂ ಇದ್ಯಾ?"

"ಇಲ್ಲ ಅಂದ್ಕೊಂಡಿದೀನಿ ಮೇಡಂ. ಇದ್ರೂ ಇರಬಹುದು."

"ಇದ್ರೆ ತಿದ್ದಿ. ಇಲ್ದಿದ್ರೆ ಇರಲಿ. ಪುಟ ಕಟ್ಟಿದ್ದು ನೀವು, ಅದರ ಮಾತು ನಿಮ್ಮದು. ಹಾಂ, ಆ ತಲೆಬರಹ ಮಾತ್ರ ಮುಗಿಸಿ."

ಮಿಕ್ಕೆಲ್ಲಕ್ಕೂ ತಲೆಯಾಡಿಸುವ ಅವಳು ಅದೊಂದಕ್ಕೆ, "ಅದು ಹಂಗೇ ಇರಲಿ ಮೇಡಂ, ಅಪ್ಪ ಓದಬೇಕು," ಎಂದಳು. ಹೇಳಿದ್ದು ತಾನೇನಾ ಎಂದು ದಾರಿಯುದ್ದಕ್ಕೂ ಅನುಮಾನ.

ನಲವತ್ತೊಂದನೆಯ ದಿನ, ಭಾನುವಾರ ಬೆಳಿಗ್ಗೆ, ಸೆಕ್ರೆಟರಿ ಕೆಳಗಿನ ಹಜಾರದಲ್ಲಿ ಸಭೆ ಕರೆದರು. ಕೆಟ್ಟ ಲಿಫ್ಟಿನ ಮುಂದೆಯೇ ಕುರ್ಚಿ ಹಾಕಿದ್ದರು. ಕನ್ನಡಕದಕ್ಕ ಮೂಲೆ ಹಿಡಿದು, ಪುಟದಲ್ಲಿರುವುದನ್ನೆಲ್ಲ ಬರೆದ ನೋಟ್‌ಪುಸ್ತಕ ಎದೆಗವಚಿಕೊಂಡು ನಿಂತಳು.

"ಕಟ್ಟಡದ ಮಾನ ಬೀದಿಗೆ ಬಂತು," ಎಂದು ಸೆಕ್ರೆಟರಿ ಶುರುಮಾಡಿದರು. "ಎರಡಕ್ಷರ ಕಲಿತ ತಕ್ಷಣ ಲೋಕಕ್ಕೆಲ್ಲ ಡಂಗುರ! ಅದೂ ಹಂಡೆ ಗಾತ್ರದ ಅಕ್ಷರದಲ್ಲಿ! ಬರೆದಿದ್ದಾದ್ರೂ ನಿಜಾನಾ? ನಲವತ್ತೊಂದು ದಿನ ಓಡಿಲ್ವಂತೆ. ಶುದ್ಧ ಸುಳ್ಳು!"

ಸುಳ್ಳು ಎಂದದ್ದೇ ತಡ, ಅವಳು ನೋಟ್‌ಪುಸ್ತಕ ಬಿಡಿಸಿದಳು. ಎಲ್ಲಿ ತಪ್ಪಿದೆ? ಎಣಿಕೆಯಲ್ಲಾ? ಪೆನ್ನು ತೆಗೆದಳು.

"ತಪ್ಪಿದ್ರೆ ತಿದ್ದುತೀನಿ ಸರ್. ಯಾವತ್ತು ಓಡಿತ್ತು?"

"ಹತ್ತೊಂಬತ್ತನೇ ದಿನ. ಪೂರ್ತಿ ಒಂದು ಗಂಟೆ. ಮೆಕ್ಯಾನಿಕ್ಕು ನಿಂತು ಓಡಿಸಿದ."

"ಹತ್ತೊಂಬತ್ತು... ನಾನು ಕೆಲಸಕ್ಕೆ ಹೋಗಿದ್ದೆ ಸರ್, ನೋಡಿಲ್ಲ. ಕಣ್ಣಾರೆ ಕಾಣದ್ದನ್ನ ಹೆಂಗೆ ಬರೀಲಿ? ಏನಾದ್ರೂ ಗುರುತಿದ್ರೆ..."

"ಗುರುತು ಬೇಕಂತೆ ಗುರುತು! ಬನ್ನಿ ನಮ್ಮನೆಗೆ, ತೋರಿಸ್ತೀನಿ. ನನ್ನ ಹೊಸ ಸೋಫಾ ಮತ್ತೆ ಹೆಂಗೆ ಮೇಲೆ ಬಂತು ಅಂದ್ಕೊಂಡ್ರಿ?"

ಮೊದಲು ಬಾಯಿ ಬಿಟ್ಟದ್ದು ಹೊಲಿಗೆಯತ್ತೆ.

"ಓಹೋ, ಸೋಫಾಕ್ಕೆ ಕಾಲು ನೋವಿತ್ತೇನೋ ಪಾಪ! ನಾಲ್ಕು ಕಾಲಲ್ವಾ?"

ಯಾರೋ ಕಿಸಕ್ಕೆಂದರು. ಕನ್ನಡಕದಕ್ಕ ಮಾತ್ರ ನಗಲಿಲ್ಲ. ತಗ್ಗಿದ ತಲೆಯಲ್ಲೇ ಬರೆದುಕೊಂಡು, "ಎರಡನೇ ಮಹಡಿ ತಾನೇ ಸರ್?" ಎಂದು ಖಾತ್ರಿ ಮಾಡಿಕೊಂಡಳು.

ಐದು ಮಹಡಿ ಹತ್ತಿದಳು. ಪ್ರತಿ ತಿರುವಿನಲ್ಲೂ ಒಂದು ಭಯ ಜೊತೆಗೆ ಹತ್ತಿತು: ನಾಳೆ ಇವರು ನೀರು ನಿಲ್ಲಿಸಿದರೆ? ಮನೆ ಖಾಲಿ ಮಾಡಿಸಿದರೆ? ಆದರೆ ತಪ್ಪು ತಪ್ಪೇ, ತಿದ್ದಬೇಕು.

"ತಿದ್ದುಪಡಿ: ನಲವತ್ತೊಂದು ದಿನವೂ ಲಿಫ್ಟ್ ಓಡಿಲ್ಲ ಎಂದು ಬರೆದದ್ದು ನನ್ನ ತಪ್ಪು. ಹತ್ತೊಂಬತ್ತನೆಯ ದಿನ ಅದು ಒಂದು ಗಂಟೆ ಓಡಿತ್ತು. ಸೆಕ್ರೆಟರಿಯವರ ಸೋಫಾ ಅದರಲ್ಲಿ ಎರಡನೆಯ ಮಹಡಿಗೆ ಬಂತು. ಐದನೆಯ ಮಹಡಿಯ ನಮಗೆ ಯಾರೂ ಹೇಳಲಿಲ್ಲ. ತಪ್ಪಿಗೆ ಕ್ಷಮೆ ಇರಲಿ."

ತಲೆಬರಹ ಮುಗಿಸುವ ಗುರುತು ಹಾಕಲಿಲ್ಲ. ಈ ಸಲ ಮರೆತಿರಲಿಲ್ಲ.

ಸಂಜೆ ಹೊತ್ತಿಗೆ ಸೆಕ್ರೆಟರಿಯವರ ಫೋನು. ದನಿ ಬೆಣ್ಣೆಯಾಗಿತ್ತು. "ಆ ಸೋಫಾದ ಸಾಲು ತೆಗೀಮ್ಮ. ನಾಳೇನೇ ಮೆಕ್ಯಾನಿಕ್ಕನ್ನ ಕರೆಸ್ತೀನಿ."

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಬಾಲ್ಕನಿಯಿಂದ ಬೆಂಚನ್ನೇ ದಿಟ್ಟಿಸುತ್ತಿದ್ದರು. ಹೂಂ ಎಂದರೆ ನಾಳೆ ಅವರು ಅಲ್ಲಿ.

"ಆ ಸಾಲು ನೀವೇ ಹೇಳಿದ್ದು ಸರ್. ನಿಜ ಅಲ್ಲ ಅಂದ್ರೆ ಹೇಳಿ, ತೆಗೀತೀನಿ."

ಫೋನು ಕಟ್ಟಾಯಿತು. "ಕೆಡಿಸಿಬಿಟ್ಟೆ ಅನ್ಸುತ್ತೆ ಅಪ್ಪ," ಎಂದಳು.

"ಕಾಯೋದು ನನಗೆ ಹೊಸದಾ? ಎಷ್ಟು ಸಿಗ್ನಲ್ಲಲ್ಲಿ ನಿಂತಿಲ್ಲ ನಾನು," ಎಂದರು ಅಪ್ಪ.

ಸೋಮವಾರ ಯಾರೂ ಬರಲಿಲ್ಲ. ನಲವತ್ತೆರಡು ಎಂದು ಬರೆದಳು. ಮಂಗಳವಾರ ನಲವತ್ತಮೂರು. ಆ ಸಂಜೆ ಎಂಟು ಮನೆಯವರು ಸೆಕ್ರೆಟರಿಯವರ ಬಾಗಿಲು ತಟ್ಟಿ, ಸೋಫಾ ನೋಡಲು ಬಂದಿದ್ದೇವೆ ಎಂದರಂತೆ. ಬುಧವಾರ ಮೆಕ್ಯಾನಿಕ್ಕು ಬಂದ. ಗುರುವಾರ ಸಂಜೆ ಅಪ್ಪ ಬಾಚಿದ ತಲೆ, ಇಸ್ತ್ರಿ ಅಂಗಿಯಲ್ಲಿ ಲಿಫ್ಟಿನೊಳಗೆ ನಿಂತು, "ರೈಟ್!" ಎಂದರು.

ಕೆಳಗೆ ಬಾಗಿಲು ತೆರೆದರೆ ಎದುರಿಗೇ ಸೆಕ್ರೆಟರಿ. ಅಪ್ಪ ಅವರ ಪಕ್ಕದಿಂದ ಹಾದು ಕೋಲೂರುತ್ತ ಬೀದಿಯತ್ತ ನಡೆದರು.

"ಆಯ್ತಲ್ಲ? ಇನ್ನಾದ್ರೂ ಆ ಪುಟ ತೆಗೀರಿ," ಎಂದರು ಸೆಕ್ರೆಟರಿ.

ಅಪ್ಪನ ಹಿಂದೆ ಲಿಫ್ಟಿನಿಂದಿಳಿದ ಅವಳು ನಿಂತಳು.

"ಇಲ್ಲ ಸರ್, ತೆಗೆಯಲ್ಲ. ಲಿಫ್ಟ್ ಇವತ್ತು ಓಡ್ತಿದೆ ಅಂತ ಬರೆದಿದೀನಿ. ನಾಳೆ ಏನಿರುತ್ತೋ ಅದನ್ನ ನಾಳೆ ಬರೀತೀನಿ."

ಅಷ್ಟು ಹೇಳಿ, ಅಪ್ಪನ ಜೊತೆ ರಸ್ತೆ ದಾಟಲು ಹೊರಟಳು.