ಪಾರಣೆ ಇಲ್ಲದ ಉಪವಾಸ

ಮಗು ಸರಿಯಾಗಿ ಊಟ ಮಾಡುವುದಿಲ್ಲ ಎಂದು ಗೋಳಾಡದ ಮನೆ ಯಾವುದಿದೆ ಹೇಳಿ? ನಾನು ಮಾತ್ರ ಗೋಳಾಡಲಿಲ್ಲ. ಹದಿಮೂರು ವರ್ಷದ ಮೊಮ್ಮಗಳು ಊಟ ಬಿಡತೊಡಗಿದಾಗ ಹೆಮ್ಮೆಯಿಂದ ಉಬ್ಬಿಹೋದೆ. ಮೈಸೂರಿನ ನೆಂಟರ ವಾಟ್ಸಾಪ್ ಗುಂಪಿಗೆಲ್ಲ ಸುದ್ದಿ ಹಾಕಿದೆ. ಆ ಹುಡುಗಿ ಹಸಿವಿನಿಂದ ಸೊರಗುತ್ತಿದ್ದಳು, ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ. ಈಗ ನೆನೆದರೂ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನನ್ನ ಹೆಸರು ವಸಂತಾ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಹೋದ ವರ್ಷ ಜೂನ್‌ನಲ್ಲಿ ಆರು ತಿಂಗಳಿಗೆಂದು ಅಮೆರಿಕದ ಲಾರೆನ್ಸ್‌ವಿಲ್‌ಗೆ, ಮಗ ಧೀರಜ್‌ನ ಮನೆಗೆ ಬಂದೆ. ಸೊಸೆ ಸ್ಮಿತಾ. ಅವರಿಗೆ ಒಬ್ಬಳೇ ಮಗಳು, ಅಕ್ಷಯಾ.

ಅಕ್ಷಯಾ ಆರನೇ ವಯಸ್ಸಿನಿಂದ ಕರಾಟೆ ಕಲಿಯುತ್ತಿದ್ದಾಳೆ. ಈಗ ಕಂದು ಬೆಲ್ಟ್. ವಾರಕ್ಕೆ ನಾಲ್ಕು ಸಂಜೆ ತರಬೇತಿ. ನಾನು ಮೊದಲ ಸಲ ನೋಡಲು ಹೋದಾಗ, ಕೈಗೆ ಕೆಂಪು ಗವಸು ಹಾಕಿಕೊಂಡ ಹುಡುಗಿಯೊಬ್ಬಳು ನಮ್ಮ ಮಗುವಿನ ಹೊಟ್ಟೆಗೆ ಗುರಿಯಿಟ್ಟು ಒದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಅಂದಿನಿಂದ ಅವಳಿಗೆ ಬೀಳುವ ಏಟಿನದೇ ಭಯ ನನಗೆ. ನಿಜವಾಗಿ ಹೆದರಬೇಕಾದದ್ದು ನಮ್ಮ ಊಟದ ಮೇಜಿನ ಮೇಲೆಯೇ ಇತ್ತು.

ಈ ಸ್ಪರ್ಧೆಗಳಲ್ಲಿ ಮಕ್ಕಳನ್ನು ತೂಕದ ಪ್ರಕಾರ ಗುಂಪು ಮಾಡುತ್ತಾರೆ. ಅಕ್ಷಯಾ ನಲವತ್ತೆರಡು ಕಿಲೋ ಒಳಗಿನ ಗುಂಪಿನವಳು. ಏಪ್ರಿಲ್‌ನಲ್ಲಿ ಶಾರ್ಲೆಟ್‌ನಲ್ಲಿ ಕಂಚಿನ ಪದಕ ಗೆದ್ದದ್ದು ಅದೇ ಗುಂಪಿನಲ್ಲಿ. ನವೆಂಬರ್‌ನಲ್ಲಿ ಡರ್ಹಮ್‌ನಲ್ಲಿ ಇನ್ನೂ ದೊಡ್ಡ ಸ್ಪರ್ಧೆಯಿತ್ತು. ಹುಡುಗಿ ಬೆಳೆಯುವ ವಯಸ್ಸಿನವಳು, ಆಗಲೇ ನಲವತ್ತನಾಲ್ಕು ದಾಟಿದ್ದಳು. ಒಂದು ದಿನ ಊಟಕ್ಕೆ ಕುಳಿತಾಗ ಧೀರಜ್ ತಮಾಷೆ ಮಾಡಿದ.

"ನೋಡು ಪುಟ್ಟಿ, ನವೆಂಬರ್ ಒಳಗೆ ಫೋರ್ಟಿ ಟೂಗೆ ವಾಪಸ್ ಬಂದ್ಬಿಡು. ಮೇಲಿನ ಗ್ರೂಪ್ ಹುಡುಗೀರು ನನ್ನಷ್ಟ್ ಎತ್ತರ ಇದಾರೆ. ಅಲ್ಲಿಗ್ ಹೋದ್ರೆ ನಿನ್ನ ಚಟ್ನಿ ಮಾಡ್ತಾರೆ!"

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅವಳು ನಗಲಿಲ್ಲ. ತಟ್ಟೆಯಲ್ಲಿದ್ದ ಎರಡನೇ ಚಪಾತಿಯನ್ನು ಹಾಗೇ ಬಿಟ್ಟು ಎದ್ದುಹೋದಳು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಮುಂದಿನ ವಾರ ಸಂಕಷ್ಟಿ ಬಂತು. ಬೆಳಿಗ್ಗೆ ಅಕ್ಷಯಾ ನನ್ನ ಹತ್ತಿರ ಬಂದು ಕೇಳಿದಳು, "ಅಜ್ಜಿ, ನಾನೂ ನಿಮ್ ಜೊತೆ ಫಾಸ್ಟ್ ಮಾಡ್ಲಾ?"

ಅಮೆರಿಕದಲ್ಲಿ ಹುಟ್ಟಿದ ಮಗು ಸಂಕಷ್ಟಿ ಮಾಡುತ್ತೇನೆ ಎಂದರೆ ಯಾವ ಅಜ್ಜಿಗೆ ಕಣ್ಣು ತುಂಬುವುದಿಲ್ಲ? ಹಣೆಗೆ ಮುತ್ತು ಕೊಟ್ಟೆ. ಇಲ್ಲಿ ಬೇಸಿಗೆಯಲ್ಲಿ ಚಂದ್ರ ಬರುವುದು ತಡ. ನಾನು ಚಂದ್ರನನ್ನು ನೋಡಿ ಊಟ ಮಾಡಿದೆ. ಅವಳು, "ನನಗೆ ನಿದ್ದೆ ಬರ್ತಿದೆ ಅಜ್ಜಿ," ಎಂದು ಅದಕ್ಕೆ ಮೊದಲೇ ಮಲಗಿಬಿಟ್ಟಿದ್ದಳು. ಆಮೇಲೆ ಏಕಾದಶಿ ಶುರುವಾಯಿತು. ಆಮೇಲೆ ಶನಿವಾರ, ಅದರ ಹಿಂದೆಯೇ ಗುರುವಾರ. ದಿನವೂ ಸ್ನಾನ ಮಾಡಿ ದೇವರ ಕೋಣೆಗೆ ಬಂದು ದೀಪ ಹಚ್ಚುತ್ತಿದ್ದಳು. ಸ್ಮಿತಾ ಒಮ್ಮೆ, "ಅತ್ತೆ, ಇವಳು ತುಂಬಾ ಸಣ್ಣ ಆಗ್ತಿಲ್ವಾ?" ಎಂದಾಗ ನಾನು ಅವಳ ಬಾಯಿ ಮುಚ್ಚಿಸಿದೆ. "ದೇವರ ಕೆಲಸಕ್ಕೆ ಕಣ್ಣು ಹಾಕ್ಬೇಡ ಕಣೆ," ಎಂದೆ.

ಆಗಸ್ಟ್ ಸೆಕೆಯಲ್ಲಿ ಅಕ್ಷಯಾ ಗರಾಜಿನ ಬಾಗಿಲು ಮುಚ್ಚಿಕೊಂಡು, ದಪ್ಪ ಜಾಕೆಟ್ ಹಾಕಿಕೊಂಡು ಹಗ್ಗ ಜಿಗಿಯುತ್ತಿದ್ದಳು. ನೀರು ಕೊಡಲು ಹೋದರೆ, "ಆಮೇಲೆ," ಎನ್ನುತ್ತಿದ್ದಳು. ಎಂಥ ಶ್ರದ್ಧೆ ಎಂದುಕೊಂಡೆ. ಒಂದು ದಿನ ಅವಳ ಬಟ್ಟೆ ಮಡಿಸಿಡಲು ಬೀರು ತೆಗೆದಾಗ ಬಾಗಿಲ ಒಳಗೆ ಹಳದಿ ಚೀಟಿಯೊಂದು ಅಂಟಿಸಿತ್ತು. 98.2, 97.4, 96.8, 95.6, 94.9. ಗಣಿತದ ಟೀಚರ್ ಕಣ್ಣಿಗೆ ನೂರರೊಳಗಿನ ಸಂಖ್ಯೆ ಕಂಡರೆ ಅದು ಮಾರ್ಕ್ಸೇ.

"ಏನೇ ಇದು, ವಾರ ವಾರ ಮಾರ್ಕ್ಸ್ ಇಳೀತಾ ಇದೆ?" ಎಂದು ಅವಳನ್ನು ಕರೆದು ಗದರಿದೆ.

ಅವಳ ಮುಖ ಬಿಳಿಚಿಕೊಂಡಿತು. ಚೀಟಿಯನ್ನು ಕಿತ್ತು ಮುಷ್ಟಿಯಲ್ಲಿ ಮುದುರಿಕೊಂಡಳು. "ಇಟ್ಸ್ ನಥಿಂಗ್, ಅಜ್ಜಿ. ಪ್ಲೀಸ್ ಅಮ್ಮಂಗೆ ಹೇಳ್ಬೇಡಿ."

ಹೇಳಲಿಲ್ಲ. ಇಲ್ಲಿನವರು ಮೈತೂಕವನ್ನು ಪೌಂಡಿನಲ್ಲಿ ಅಳೆಯುತ್ತಾರೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಆದರೆ ಆ ಮುಖ ಮನಸ್ಸಿನಲ್ಲಿ ಉಳಿಯಿತು. ಅಂದಿನಿಂದ ಏನೋ ಒಂದು ಕಳವಳ.

ಗಣೇಶ ಹಬ್ಬ ಬಂತು. ಎರಡು ಮನೆಯಾಚೆ ಇರುವ ರೇಣುಕಾದೇವಿಯನ್ನು ಕರೆದಿದ್ದೆವು. ಬಾಗಲಕೋಟೆ ಕಡೆಯವಳು, ಮಕ್ಕಳ ಕ್ಲಿನಿಕ್ಕಿನಲ್ಲಿ ನರ್ಸ್. ಅಕ್ಷಯಾ ಅವಳ ಹಣೆಗೆ ಕುಂಕುಮ ಇಟ್ಟಳು. ರೇಣುಕಾ ಆ ಬೆರಳುಗಳನ್ನು ಹಿಡಿದುಕೊಂಡು ನೋಡಿದಳು.

"ಕೈ ಎಷ್ಟ್ ತಣ್ಣಗಾಗ್ಯಾವ ಅವ್ವೀ! ಬಾ, ಇಬ್ಬರೂ ಕೂಡೇ ಕಡಬು ತಿನ್ನೋಣು."

"ನನಗ್ ಬೇಡ ಆಂಟಿ. ಇವತ್ತು ಫಾಸ್ಟಿಂಗ್."

"ಚೌತಿ ದಿನಾ ಕಡಬು ಬಿಟ್ಟು ಉಪಾಸ? ಇದ್ಯಾವ ದೇವ್ರು ಹೇಳ್ಯಾನ?"

ನನಗೆ ಚುರುಕ್ ಎಂದಿತು. "ಅವಳದು ಕಠಿಣ ವ್ರತ ಕಣಮ್ಮ," ಎಂದು ಅಡ್ಡ ಬಂದೆ.

ಆ ಹೊತ್ತಿಗೆ ಮಂಗಳಾರತಿ. ತಟ್ಟೆ ಅಕ್ಷಯಾಳ ಕೈಯಲ್ಲಿತ್ತು. ಮೂರನೇ ಸುತ್ತಿಗೆ ತಟ್ಟೆ ವಾಲಿತು, ಅವಳೂ ವಾಲಿದಳು. ಸ್ಮಿತಾ ಬಾಚಿ ಹಿಡಿಯದಿದ್ದರೆ ಉರಿಯುವ ಬತ್ತಿಯ ಮೇಲೆಯೇ ಬೀಳುತ್ತಿದ್ದಳು. ರೇಣುಕಾ ಅವಳನ್ನು ಮಲಗಿಸಿ, ಕಾಲು ಎತ್ತರಿಸಿ, ನಾಡಿ ಹಿಡಿದು ಗಡಿಯಾರ ನೋಡಿದಳು. ಕಣ್ಣು ಬಿಟ್ಟ ಮೇಲೆ ಸಕ್ಕರೆ ಬೆರೆಸಿದ ನಿಂಬೆ ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದಳು.

"ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಉಪಾಸ ಮಾಡಿದವರು ಪಾರಣಿ ಮಾಡ್ತಾರ. ಈಕಿ ಪಾರಣಿ ಮಾಡಿದ್ದನ್ನ ನೀವು ಒಂದ್ ದಿನಾ ಆದ್ರೂ ನೋಡೀರೇನ್ರಿ?"

ಚಂದ್ರ ಬರುವ ಮೊದಲೇ ಬರುತ್ತಿದ್ದ ಆ ನಿದ್ದೆ ನೆನಪಾಯಿತು. ದ್ವಾದಶಿಯ ಬೆಳಿಗ್ಗೆ, "ಸ್ಕೂಲಲ್ಲಿ ತಿಂತೀನಿ," ಎಂದು ಓಡುತ್ತಿದ್ದುದೂ ನೆನಪಾಯಿತು.

"ಇನ್ನೊಂದ್ ಮಾತು. ಆಕಿ ಮುಟ್ಟಾಗಿ ಎಷ್ಟ್ ದಿನಾ ಆತ್ರಿ?"

ನಾನು ಬೆರಳು ಮಡಿಸಿ ತಿಂಗಳು ಎಣಿಸಿದೆ. ಜೂನ್‌ನಲ್ಲಿ ನಾನು ಬಂದ ಹೊಸದರಲ್ಲಿ, "ಅಜ್ಜಿ, ಇವತ್ತು ನಾನು ಒಳಗೆ ಬರಲ್ಲ," ಎಂದು ನಾಲ್ಕು ದಿನ ದೇವರ ಕೋಣೆಯ ಹೊರಗೇ ನಿಂತಿದ್ದಳು. ಆಮೇಲೆ ಜುಲೈ, ಆಗಸ್ಟ್, ಈಗ ಸೆಪ್ಟೆಂಬರ್. ಒಂದು ದಿನವೂ ಬಿಡದೆ ದೀಪ ಹಚ್ಚಿದ್ದಳು. ಎದುರಿಗೇ ಕುಳಿತು ಮಣಿ ಎಣಿಸುತ್ತಿದ್ದ ನಾನು ಅದನ್ನೂ ಭಕ್ತಿ ಎಂದೇ ಮೆಚ್ಚಿಕೊಂಡಿದ್ದೆ. ಮೂವತ್ತೊಂದು ವರ್ಷ ಲೆಕ್ಕ ಹೇಳಿಕೊಟ್ಟವಳಿಗೆ ಈ ಲೆಕ್ಕ ಬರಲಿಲ್ಲವಲ್ಲ ಎಂದು ಅಳು ಬಂತು.

ಅಷ್ಟರಲ್ಲಿ ಅಲ್ಲಿಗೆ ಬಂದ ಮಗ, ಸೊಸೆಗೆ ಹಳದಿ ಚೀಟಿಯ ವಿಷಯ ಹೇಳಿದೆ. ಸ್ಮಿತಾ ಗೋಡೆಗೆ ಒರಗಿ ನಿಂತಳು. ಧೀರಜ್ ಮಾತ್ರ ಒಪ್ಪಲಿಲ್ಲ.

"ರೇಣುಕಾ ಅವ್ರೇ, ಇಲ್ಲಿ ಹೈಸ್ಕೂಲ್ ಹುಡುಗ್ರೂ ವೇಟ್ ಕಟ್ ಮಾಡ್ತಾರೆ. ಸ್ಪೋರ್ಟ್ಸ್ ಅಂದ್ಮೇಲೆ ಇದ್ದಿದ್ದೇ. ಇನ್ನೇನ್ ಎಂಟ್ ವಾರ ಅಲ್ವಾ?"

"ಧೀರಜ್, ಬೆಳಿಯೋ ಹುಡುಗಿ ತೂಕ ಏರಬೇಕ್ರಿ. ಏರಲಿಲ್ಲಂದ್ರ ಚಿಂತಿ ಮಾಡಬೇಕು, ಏರಿದ್ರ ಅಲ್ಲ. ಹೊಟ್ಟಿಗೆ ಸಾಲಲಿಲ್ಲಂದ್ರ ಮೈ ಒಂದೊಂದ ಕೆಲಸ ನಿಲ್ಲಸ್ತದ. ಮುಟ್ಟು ನಿಲ್ಲತದ, ಎಲುಬು ಗಟ್ಟಿ ಆಗೂದಿಲ್ಲ. ನೀರು ಕುಡೀದ ಬೆವರು ಸುರಿಸಿದ್ರ ಎದಿ ಬಡಿತಕ್ಕೂ ಅಪಾಯ. ಆಕಿ ನಾಡಿ ಈಗ ಬಾಳ ನಿಧಾನ ಐತಿ. ಎಂಟ್ ವಾರ ಅಂತೀರಿ, ನಾನು ಎಂಟ್ ದಿನಾನೂ ಬಿಡಾಂಗಿಲ್ಲ. ನಾಳೆನ ಡಾಕ್ಟರಿಗೆ ತೋರಸ್ರಿ. ಮತ್ತ ಯಾರೂ ಆಕಿನ್ನ ಬೈಬ್ಯಾಡ್ರಿ."

ಧೀರಜ್ ಮಗಳ ಪಕ್ಕ ಹೋಗಿ ಕುಳಿತ. "ಯಾಕೆ ಪುಟ್ಟಿ? ನಮಗ್ ಯಾಕ್ ಹೇಳ್ಲಿಲ್ಲ?"

ಅವಳು ನೆಲ ನೋಡುತ್ತಲೇ ಹೇಳಿದಳು. "ಆ ಗರ್ಲ್ಸ್ ತುಂಬಾ ಟಾಲ್, ಅಪ್ಪ. ನೀವೇ ಹೇಳಿದ್ರಿ, ಚಟ್ನಿ ಅಂತ. ಐ ವಾಸ್ ಸ್ಕೇರ್ಡ್." ಆಮೇಲೆ ನನ್ನ ಕಡೆ ನೋಡಿದಳು. "ಒಂದ್ ಸಲ ನಿಲ್ಸ್‌ಬೇಕು ಅನ್ಕೊಂಡೆ. ಬಟ್ ಅಜ್ಜಿ ವಾಸ್ ಸೋ ಹ್ಯಾಪಿ."

ಈ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ.

ಮಾರನೇ ದಿನ ಧೀರಜ್ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ, ಎದೆಬಡಿತ ನಿಧಾನ. ತಾವು ಸರಿ ಎನ್ನುವವರೆಗೆ ಕರಾಟೆ ಬೇಡ, ಪ್ರತಿ ವಾರ ಬಂದು ತೋರಿಸಿ ಎಂದರು. ಊಟದ ವಿಷಯ ತಿಳಿದವರೊಬ್ಬರ ಹತ್ತಿರ ಕಳಿಸಿದರು. ಅವರು ನಮ್ಮ ಸಾರು, ಬೇಳೆ, ಸೊಪ್ಪು, ಮೊಸರು, ಕಡಲೆಕಾಯಿ ಎಲ್ಲವನ್ನೂ ಕೇಳಿ ಬರೆದುಕೊಂಡರು. ಸಸ್ಯಾಹಾರದಲ್ಲೇ ಶಕ್ತಿ ಬರುತ್ತದೆ, ಆದರೆ ಹೊಟ್ಟೆ ತುಂಬ ತಿನ್ನಬೇಕು ಎಂದರಂತೆ.

ಸ್ಮಿತಾ ಕರಾಟೆ ಕೋಚ್ ಡೆನೀಸ್‌ಗೆ ಫೋನ್ ಮಾಡಿದಳು. ಆಕೆಗೆ ಇದೇನೂ ಗೊತ್ತಿರಲಿಲ್ಲ, ಪಾಪ ಗಾಬರಿಯಾದರು. ತೂಕ ಇಳಿಸು ಎಂದು ತಾವು ಯಾವ ಮಗುವಿಗೂ ಹೇಳುವುದಿಲ್ಲ, ಮೇಲಿನ ಗುಂಪಿಗೆ ಹೆಸರು ಬದಲಿಸಲು ಒಂದು ಇಮೇಲ್ ಸಾಕಿತ್ತು ಎಂದರು. ಒಂದು ಇಮೇಲ್! ನಮ್ಮಲ್ಲಿ ಯಾರಿಗೂ ಕೇಳಬೇಕು ಎನಿಸಿರಲಿಲ್ಲ.

ಆ ವಾರಗಳು ಹೇಗೆ ಕಳೆದವೋ ದೇವರಿಗೇ ಗೊತ್ತು. ಅವಳು ತುತ್ತು ಎತ್ತಿದಾಗಲೆಲ್ಲ ನಾನು ಎದುರು ಕುಳಿತು ಅವಳ ತಟ್ಟೆಯನ್ನೇ ನೋಡುತ್ತಿದ್ದೆ. ಮೊದಮೊದಲು ಅರ್ಧ ದೋಸೆಗೇ ಅಳುತ್ತಿದ್ದಳು. ರೇಣುಕಾ ನನಗೆ ಬುದ್ಧಿ ಹೇಳಿದಳು. "ಆಕಿ ತಾಟು ನೋಡ್ಕೋತ ಕೂಡಬ್ಯಾಡ್ರಿ ಅಮ್ಮಾರ. ನೀವೂ ಜೋಡಿ ಕೂತು ಉಣ್ರಿ." ಹಾಗಾಗಿ ಆ ಮನೆಯಲ್ಲಿ ಇದ್ದಷ್ಟು ದಿನ ನಾನು ಸಂಕಷ್ಟಿಯನ್ನೂ ಬಿಟ್ಟೆ, ಏಕಾದಶಿಯನ್ನೂ ಬಿಟ್ಟೆ. ಗಣಪತಿಗೆ ಕೈಮುಗಿದು, "ಊರಿಗೆ ಹೋದ ಮೇಲೆ ನೋಡ್ಕೊಳ್ಳೋಣಪ್ಪ," ಎಂದೆ. ಅವನು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಕ್ಷಯಾ ದೇವರ ಕೋಣೆಯ ಹೊರಗೇ ನಿಂತು, "ಅಜ್ಜಿ, ಇವತ್ತು ನೀವೇ ದೀಪ ಹಚ್ಚಿ," ಎಂದಳು. ಎಪ್ಪತ್ತರ ಹತ್ತಿರದ ನಾನು ಕುಣಿಯುವುದೊಂದು ಬಾಕಿ. ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಆಡಬಹುದು ಎಂದು ಬರೆದುಕೊಟ್ಟರು.

ಡರ್ಹಮ್‌ಗೆ ಆರು ಗಂಟೆ ಡ್ರೈವ್. ಹಾಲ್‌ನಲ್ಲಿ ತೂಕ ನೋಡುವ ಸಾಲು. ಅವಳು ಯಂತ್ರದ ಮೇಲೆ ನಿಂತಾಗ ಸ್ಮಿತಾ ನನ್ನ ಕೈಯನ್ನು ಹಿಸುಕಿಯೇಬಿಟ್ಟಳು. ನಲವತ್ತೈದು ಕಿಲೋ. ಅಕ್ಷಯಾ ಸಂಖ್ಯೆ ನೋಡಿದಳು, ಇಳಿದಳು, ಬೆಲ್ಟ್ ಬಿಗಿಮಾಡಿಕೊಂಡಳು.

ಎದುರಿನ ಹುಡುಗಿ ಅವಳಿಗಿಂತ ಒಂದು ತಲೆ ಎತ್ತರ. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಕೊನೆಯ ಹತ್ತು ಸೆಕೆಂಡಿನಲ್ಲಿ ನಮ್ಮವಳು ಅವಳ ಕೈಯಡಿ ನುಗ್ಗಿ ಹೊಟ್ಟೆಗೆ ಗುದ್ದಿದಳು, ಒಂದು ಪಾಯಿಂಟಿನಿಂದ ಗೆದ್ದಳು. ಎರಡನೆಯದರಲ್ಲಿ ಸೋತಳು, ಅದೂ ಐದು ಒಂದರಿಂದ. ಪದಕ ಇಲ್ಲ. ಬೆವರು ಒರೆಸಿಕೊಳ್ಳುತ್ತ ನಾವು ಕುಳಿತಿದ್ದ ಮೆಟ್ಟಿಲು ಹತ್ತಿ ಬಂದಳು. ಅಳುತ್ತಾಳೇನೋ ಎಂದು ನಾನು ಸೆರಗು ಹಿಡಿದು ಸಿದ್ಧವಾಗಿದ್ದೆ.

"ಅಪ್ಪ, ನೋಡಿದ್ರಾ? ಚಟ್ನಿ ಆಗ್ಲಿಲ್ಲ," ಎಂದಳು. ಧೀರಜ್ ಅತ್ತುಬಿಟ್ಟ. ಅವಳು ನನ್ನ ಪಕ್ಕ ಕುಳಿತು ಚೀಲದ ಕಡೆ ನೋಡಿದಳು.

"ಅಜ್ಜಿ, ಹಸಿವಾಗ್ತಿದೆ. ಮೊಸರನ್ನ ಇದ್ಯಾ?"

ಅವಳ ಬಾಯಿಂದ ಆ ಮಾತನ್ನು ಕೇಳಿ ನಮಗೆ ನಾಲ್ಕು ತಿಂಗಳಾಗಿತ್ತು. ಡಬ್ಬಿ ತೆಗೆದುಕೊಟ್ಟೆ. ತಳ ಕೆರೆದು ತಿಂದಳು, ಆಮೇಲೆ ನನ್ನ ಪಾಲಿನದನ್ನೂ ತಿಂದಳು. ಅವಳ ಉಪವಾಸಕ್ಕೆ ಪಾರಣೆ ಆದದ್ದು ಅಂದು, ಡರ್ಹಮ್‌ನ ಆ ಮೆಟ್ಟಿಲ ಮೇಲೆ.

ಅಪ್ಪಂದಿರೇ, ಅಮ್ಮಂದಿರೇ, ಮುಖ್ಯವಾಗಿ ನನ್ನಂಥ ಅಜ್ಜಿಯರೇ! ಕರಾಟೆ ಇರಲಿ, ಕುಸ್ತಿ ಇರಲಿ, ಭರತನಾಟ್ಯವೇ ಇರಲಿ, ಮಕ್ಕಳು ಖಂಡಿತ ಆಡಲಿ, ಕುಣಿಯಲಿ. ಆದರೆ ಬೆಳೆಯುವ ಮಗುವಿನ ತೂಕದ ಬಗ್ಗೆ ಊಟದ ಹೊತ್ತಿನಲ್ಲಿ ತಮಾಷೆ ಬೇಡ. ಸಣ್ಣಗಾದರೆ ಹೊಗಳಬೇಡಿ. ಮೇಲಿನ ಗುಂಪಿಗೆ ಹೋಗಬೇಕಾದರೆ ಹೋಗಲಿ, ಕೋಚ್ ಹತ್ತಿರ ನೀವೇ ಮಾತಾಡಿ. ಮಗು ಹಬ್ಬದೂಟವನ್ನೂ ಬೇಡ ಎಂದರೆ, ತಲೆ ಸುತ್ತುತ್ತದೆ ಎಂದರೆ, ಮುಟ್ಟು ನಿಂತರೆ, ಬೈಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಸಿವು ದೇವರ ಹೆಸರು ಹೇಳಿಕೊಂಡೂ ಬರಬಹುದು, ನಮ್ಮ ಮನೆಗೆ ಹಾಗೇ ಬಂದಿತ್ತು.

ನಿಮ್ಮ ಮಗು ಕಳೆದ ಸಲ ಬಾಯಿಬಿಟ್ಟು "ಹಸಿವಾಗ್ತಿದೆ" ಎಂದದ್ದು ಯಾವಾಗ? ನೆನಪು ಮಾಡಿಕೊಳ್ಳಿ. ನೆನಪಾಗದಿದ್ದರೆ ಇವತ್ತೇ ಮಗುವಿನ ಪಕ್ಕ ಕುಳಿತು ಊಟ ಮಾಡಿ.