ಆಂಜಿನಮ್ಮನ ಹುಲ್ಲುಗಾಡಿ

ಜಯಣ್ಣ ಹುಲ್ಲು ಕತ್ತರಿಸುವ ಗಾಡಿಯ ಮುಸುಕನ್ನು ಅರ್ಧ ಸರಿಸಿ, ಹಿಂದಿನ ಗಾಲಿಯ ಕೆಳಗಿದ್ದ ಕಲ್ಲನ್ನು ಒದೆಯುತ್ತಿದ್ದಾಗ ಶಿವಲಕ್ಷ್ಮಿ ಕೊಟ್ಟಿಗೆಗೆ ನುಗ್ಗಿದಳು.

"ಮಾವ, ಕಲ್ಲು ಮುಟ್ಬ್ಯಾಡ. ಅಮ್ಮ ಜೋಡಿಸಿಟ್ಟಿರೋದು."

"ನಿಮ್ಮಮ್ಮ ಜೋಡಿಸೋದು ಮುಗೀತು ಕಣಮ್ಮ. ಬ್ಯಾಟರಿ ಎಲ್ಲೈತೆ?"

"ಅದಿರೋ ಕಡೆ ಐತೆ."

ಹೊರಗೆ ಅಂಗಳದಲ್ಲಿ ಅವಳ ಅಮ್ಮ ಆಂಜಿನಮ್ಮನನ್ನು ಚಟ್ಟದ ಮೇಲೆ ಮಲಗಿಸಿದ್ದರು. ಹಣೆಯಲ್ಲಿ ಕಾಸಿನಗಲ ಕುಂಕುಮ. ಎದೆ ನೋವೆಂದು ಕೂತವಳು ಮತ್ತೆ ಎದ್ದಿರಲಿಲ್ಲ. ಮುತ್ತೈದೆ ಸಾವು, ತವರಿನ ಸೀರೆ ಹೊದಿಸದೆ ಎತ್ತುವಂತಿಲ್ಲ. ಆ ಸೀರೆ ತಮ್ಮ ಜಯಣ್ಣನ ಕಂಕುಳಲ್ಲಿತ್ತು, ಶಿರಾದ ಅಂಗಡಿಯ ಕವರನ್ನೂ ಬಿಚ್ಚಿರಲಿಲ್ಲ. ಅವನದು ಒಂದೇ ಮಾತು: ಅಕ್ಕನ ಗಾಡಿ ನನ್ನೂರು ತಾವರೆಕೆರೆಗೆ ನನ್ನ ಜೊತೆ ಬರುತ್ತದೆ ಅಂತ ಶಿವಲಕ್ಷ್ಮಿ ಹಿರಿಯರ ಮುಂದೆ ಒಪ್ಪಲಿ, ಆಮೇಲೆ ಸೀರೆ.

"ಅಕ್ಕ ಗಟ್ಟಿಗಿತ್ತಿ, ಓಡಿಸಿದ್ಲು. ಹೆಣ್ಣೆಂಗ್ಸು ನೀನೇನು ಮಾಡ್ತೀಯ ಇದ್ನ?"

"ಅಮ್ಮನ ಮಂಡಿ ಕೆಟ್ಟಾಗಿಂದ ಯಾರು ಓಡಿಸ್ತಾವ್ರೆ ಅನ್ಕೊಂಡೆ?"

ಜಯಣ್ಣ ನಕ್ಕ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಇಂದ್ರಮ್ಮ ನಗಲಿಲ್ಲ. ಗಂಡನ ಎದುರು ಅವಳು ಬಾಯಿ ಬಿಟ್ಟಿದ್ದನ್ನು ನೆಂಟರಾರೂ ಕಂಡವರಲ್ಲ.

*

ಶಿರಾ ಹೈವೇಯ ರೆಸಾರ್ಟು ಮುಚ್ಚಿದಾಗ, ಅಲ್ಲಿ ಹೂಗಿಡ ನೋಡಿಕೊಳ್ಳುತ್ತಿದ್ದ ಆಂಜಿನಮ್ಮ ಹುಲ್ಲು ಕತ್ತರಿಸುವ ಈ ಪುಟ್ಟ ಟ್ರ್ಯಾಕ್ಟರನ್ನು ಕೊಂಡು ತಂದಿದ್ದಳು. ಆಂಧ್ರ ಗಡಿಯ ಅವಳೂರು ರಾಯಚರ್ಲಿನ ಕಟ್ಟೆಯ ಮೇಲಿದ್ದವರು, "ಏಮಮ್ಮಾ, ಬೊಮ್ಮ ಬಂಡಾ ಇದಿ?" ಎಂದು ಬಿದ್ದುಬಿದ್ದು ನಕ್ಕರು. ಆಟದ ಗಾಡಿಯೇ, ಸರಿ. ಎಮ್ಮೆಗರುವಿನಷ್ಟೂ ಎತ್ತರವಿಲ್ಲ. ಆದರೆ ಊರ ಪಕ್ಕದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ಲುಗಳ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರು ತಿರುಗುವುದಿಲ್ಲ. ಹುಲ್ಲನ್ನು ಹಾಗೇ ಬಿಟ್ಟರೆ ಬೇಸಿಗೆಯಲ್ಲಿ ಒಂದು ಬೀಡಿತುಂಡು ಸಾಕು. ಆಟದ ಗಾಡಿಯನ್ನು ಕೆಲಸವೇ ಹುಡುಕಿಕೊಂಡು ಬಂತು.

ಮಳೆ ಮುಗಿದು ಹುಲ್ಲು ಬೆಳೆಯುವುದು ನಿಂತ ಮೇಲೆ ಗಾಡಿಗೆ ಬಾಣಂತನ. ಆಂಜಿನಮ್ಮ ಅನ್ನುತ್ತಿದ್ದದ್ದೇ ಹಾಗೆ. ಹೋದ ವಾರವೂ ತಾಯಿ ಮಗಳು ಸೆರಗು ಕಟ್ಟಿ ಕೂತಿದ್ದರು. ಅಡಿಯಲ್ಲಿ ಮೆತ್ತಿದ್ದ ಹುಲ್ಲನ್ನು ತೆಂಗಿನ ಚಿಪ್ಪಿನಲ್ಲಿ ಕೆರೆದರು. ಪೆಟ್ರೋಲು ಬಸಿದರು. ಬ್ಲೇಡು ಬಿಚ್ಚಿ ಸಾಣೆ ಹಿಡಿದು, ಹೊಂಗೆ ಎಣ್ಣೆ ತಿಕ್ಕಿದರು.

"ಎಣ್ಣೆ ಕಂಡ್ರೆ ಅದಕ್ಕೂ ಸುಖ ಕಣೇ. ಏಳೆಂಟು ತಿಂಗ್ಳು ದುಡಿದೈತೆ." ಆಂಜಿನಮ್ಮ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದಳು. "ಬಾಣಂತಿ ಕಿವಿಗೆ ಹತ್ತಿ ಇಡಲ್ವಾ? ಅಂಗೆ. ಇಲ್ದಿದ್ರೆ ಇಲಿ ಒಳಗೇ ಸಂಸಾರ ಹೂಡ್ತವೆ."

ಬ್ಯಾಟರಿ ಅಡುಗೆಮನೆಯ ಮೂಲೆಯ ಹಲಗೆ ಸೇರಿತು. ಗಾಲಿಗಳು ನೆಲ ಬಿಟ್ಟು ಕಲ್ಲಿನ ಮೇಲೆ ಕೂತವು. ಕೊನೆಗೆ ಹಳೇ ಸೀರೆಗಳನ್ನು ಜೋಡಿಸಿ ಹೊಲಿದ ಮುಸುಕು. ಅದರ ನಡುವೆ, ಅಂಚು ಮಾಸದ ಹಸಿರು ಸೀರೆ.

"ಧಾರೆಗೆ ತಾತ ಕೊಟ್ಟ ಸೀರೇನೂ ಹೊಲ್ದುಬುಟ್ಟೆಯಲ್ಲಮ್ಮ!"

"ಪೆಟ್ಟಿಗೇಲಿಟ್ಟು ಜಿರಲೆಗೆ ಹಾಕ್ಲಾ? ನಂಗೆ ಅನ್ನ ಹಾಕೋದಕ್ಕೆ ಹೊದಿಸಿದ್ರೆ ಅಪ್ಪ ಏನೂ ಬೇಜಾರ್ ಮಾಡ್ಕಳಲ್ಲ."

*

ಬಿಸಿಲು ಚಟ್ಟದ ಮೇಲಕ್ಕೆ ಬಂತು.

"ಜಯಣ್ಣ, ಹೊತ್ತಾಯ್ತಪ್ಪ," ಎಂದು ಹಿರಿಯ ದೊಡ್ಡರಂಗಪ್ಪ ಕರೆದ.

"ನಾನು ರೆಡಿ. ಇವಳನ್ನ ಕೇಳಿ."

ಶಿವಲಕ್ಷ್ಮಿಯ ಅಪ್ಪ ಮುದ್ದಣ್ಣ ಹೆಂಡತಿಯ ಮುಖಕ್ಕೆ ಟವೆಲ್ಲಿನಲ್ಲಿ ನೆರಳು ಹಿಡಿದಿದ್ದ. "ಕೊಟ್ಬುಡು ಮಗಾ," ಎಂದ. "ಬಿಸಿಲಲ್ಲಿ ಮಲಗವ್ಳೆ."

ಅಪ್ಪನ ದನಿ ಕೇಳಿ ಶಿವಲಕ್ಷ್ಮಿಗೆ ಒಪ್ಪಿದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಮ್ಮನ ಕೈ ಕಣ್ಣಿಗೆ ಬಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಅವಳು ಕೊಟ್ಟಿಗೆಗೆ ಹೋಗಿ ಗಾಡಿಯ ಮುಸುಕನ್ನು ಸೆಳೆದು ತಂದಳು. ಒಮ್ಮೆ ಜೋರಾಗಿ ಕೊಡವಿ, ಅಮ್ಮನ ಮೇಲೆ ಹೊದಿಸಿದಳು. ಹೊಂಗೆ ಎಣ್ಣೆಯ ಘಾಟು ಅಂಗಳ ತುಂಬಿತು.

"ಲೇ, ಏನೇ ಇದು! ಗಾಡಿ ಬಟ್ಟೇನ ಹೆಣಕ್ಕೆ ಹಾಕ್ತೀಯಾ?" ಎಂದು ಜಯಣ್ಣ ಕೂಗಿದ.

"ತವರ ಸೀರೆ ಬೀಳ್ಬೇಕು ತಾನೆ, ರಂಗಪ್ಪಣ್ಣ? ಈ ಹಸಿರಂಚು ನೋಡಿ. ತಾತ ಧಾರೆಗೆ ಕೊಟ್ಟಿದ್ದು. ಮಾವ ಕಂಕುಳಲ್ಲಿ ಇಟ್ಕೊಂಡಿರೋದು ಅಂಗಡಿ ಸೀರೆ."

ದೊಡ್ಡರಂಗಪ್ಪ ಬಗ್ಗಿ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ. ಆ ಧಾರೆಯ ಊಟ ಉಂಡವನು ಅವನು. "ಅದೇ ಸೀರೆ," ಎಂದ. "ಎತ್ರಪ್ಪ."

ಚಟ್ಟ ಹೆಗಲಿಗೇರಿತು. ಜಯಣ್ಣ ಮಾತ್ರ ಕೊಟ್ಟಿಗೆಯ ಬಾಗಿಲು ಬಿಟ್ಟು ಕದಲಲಿಲ್ಲ.

"ಹೋಗಿ, ಹೋಗಿ. ನೀವು ಮಣ್ಣು ಹಾಕಿ ಬರೋದ್ರಾಗೆ ಗಾಡಿ ಲಗೇಜ್ ಆಟೋ ಏರಿರ್ತದೆ."

ಶಿವಲಕ್ಷ್ಮಿಯ ಕಾಲು ನಿಂತುಬಿಟ್ಟಿತು. ಅಮ್ಮನ ಹಿಂದೆ ಹೋದರೆ ಗಾಡಿ ಇಲ್ಲ. ಗಾಡಿ ಕಾದರೆ ಅಮ್ಮನಿಗೆ ಹಿಡಿ ಮಣ್ಣಿಲ್ಲ. ಚಟ್ಟ ಬೀದಿಯ ತಿರುವಿಗೆ ಹೋಗಿತ್ತು.

ಆಗ ಇಂದ್ರಮ್ಮ ಗಂಡನನ್ನು ಭುಜದಲ್ಲಿ ಸರಿಸಿ ಒಳಗೆ ನಡೆದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒಂದು ಕಾಲು ಇಟ್ಟು, ಸೀಟು ಹತ್ತಿ ಕೂತಳು.

"ಲೇ ಇವಳೇ, ಇಳಿಯೇ ಕೆಳಗೆ!"

"ನೀನು ಓಡು ಶಿವಾ," ಎಂದಳು ಇಂದ್ರಮ್ಮ. "ನಮ್ಮತ್ತಿಗೆಗೆ ನನ್ನದೂ ಒಂದಿಡಿ ಮಣ್ಣು ಹಾಕು. ನೀನು ಬರೋವರ್ಗೂ ನಾನಿಲ್ಲೇ ಕುಂತಿರ್ತೀನಿ."

ಬೀದಿಯ ತಿರುವಿನಲ್ಲಿ ಶಿವಲಕ್ಷ್ಮಿ ಹಿಂತಿರುಗಿ ನೋಡಿದಳು. ಕೊಟ್ಟಿಗೆಯ ತೆರೆದ ಬಾಗಿಲೊಳಗೆ, ಬೆತ್ತಲೆ ಗಾಡಿಯ ಮೇಲೆ ಇಂದ್ರಮ್ಮ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೇರ ಮುಂದಕ್ಕೆ ನೋಡುತ್ತಿದ್ದಳು. ಎದುರಿಗೆ ನಿಂತಿದ್ದ ಜಯಣ್ಣ, ಗಾಡಿ ಈಗ ಹೊರಟೇಬಿಡುತ್ತದೇನೋ ಎಂಬಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದ.